ದೊಡ್ಡಪ್ಪನ ಸ್ಲೈಡು ಡಬ್ಬ: ಇಂಗ್ಲೆಂಡಿನ ಹಳೇ ರೈಲು ಫೋಟೊಗಳು ಒಂದೊಂದಾಗಿ

ನಮ್ಮ ದೊಡ್ಡಪ್ಪ ಇಂಗ್ಲೆಂಡಲ್ಲಿ ಇದ್ದಾಗ ತೆಗೆದ ರೈಲು ಫೋಟೊಗಳನ್ನ ಇವತ್ತಿಂದ ಇಲ್ಲಿ ಹಾಕ್ತಾ ಹೋಗ್ತೀನಿ. 1961ರ ಕೊನೇಲಿ ಬೆಂಗಳೂರು ಬಿಟ್ಟು ಹೋಗಿ 1968ರ ಕೊನೇಲಿ ವಾಪಸ್ ಬಂದವರು ಅವರು, ಮ್ಯಾಂಚೆಸ್ಟರ್ ಪಕ್ಕ ಟ್ರಾಫರ್ಡ್ ಪಾರ್ಕಲ್ಲಿ ಒಂದು ಎಲೆಕ್ಟ್ರಿಕಲ್ ಫ್ಯಾಕ್ಟರೀಲಿ ಮೊದಲು ಟ್ರೈನಿಂಗು, ಆಮೇಲೆ ಅಲ್ಲೇ ಕೆಲಸ, ಶನಿವಾರ ಮಧ್ಯಾಹ್ನ ಆಯ್ತು ಅಂದ್ರೆ ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡು ಯಾವುದಾದ್ರೂ ಸ್ಟೇಷನ್ ಕಡೆ ಹೊರಟುಬಿಡೋರಂತೆ. ಬಸವನಗುಡಿ ಮನೆ ಅಟ್ಟದ ಮೇಲೆ ಬಿಸ್ಕತ್ ಡಬ್ಬಗಳಲ್ಲಿ ಆ ಸ್ಲೈಡುಗಳು (ಬೆಳಕು ಹಾಯಿಸಿ ನೋಡೋ ಫಿಲ್ಮ್ ಫೋಟೊಗಳು) ಇಷ್ಟು ವರ್ಷ ಹಾಗೇ ಕೂತಿದ್ವು. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಇದಾರೆ, ನೆನಪು ಇನ್ನೂ ಗಟ್ಟಿ, ನಾನು ಸ್ಕ್ಯಾನ್ ಮಾಡಿದ್ದನ್ನ ಟಿವಿಗೆ ಹಾಕಿ ತೋರಿಸ್ತೀನಿ, ಅವರು ಹೇಳ್ತಾ ಹೋಗ್ತಾರೆ, ನಾನು ಬರ್ಕೊಳ್ತೀನಿ.

ಅವರು ಅಲ್ಲಿದ್ದ ಆ ವರ್ಷಗಳು ಎಂಥವು ಅಂತ ಸ್ವಲ್ಪ ಹೇಳಬೇಕು, ಇಲ್ಲಾಂದ್ರೆ ಈ ಫೋಟೊಗಳು ಯಾಕೆ ಮುಖ್ಯ ಅಂತ ಗೊತ್ತಾಗಲ್ಲ. 1948ರ ಜನವರಿ 1ಕ್ಕೆ ಅಲ್ಲಿನ ನಾಲ್ಕು ದೊಡ್ಡ ರೈಲು ಕಂಪನಿಗಳನ್ನ ಸರ್ಕಾರ ವಹಿಸ್ಕೊಂಡು ಬ್ರಿಟಿಷ್ ರೈಲ್ವೇಸ್ ಅಂತ ಮಾಡ್ತು, ಆಗ ಅದರ ಕೈಗೆ ಬಂದ ಸ್ಟೀಮ್ ಇಂಜಿನ್ನುಗಳು ಸುಮಾರು 20 ಸಾವಿರ. 1960ರ ಮಾರ್ಚಲ್ಲಿ ಸ್ವಿಂಡನ್ ವರ್ಕ್‌ಶಾಪಿಂದ 92220 ನಂಬರಿನ ಈವ್ನಿಂಗ್ ಸ್ಟಾರ್ ಹೊರಗೆ ಬಂತು, ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕೊನೇ ಸ್ಟೀಮ್ ಇಂಜಿನ್ ಅದೇ. ಐದೇ ವರ್ಷ ಓಡಿಸಿ 1965ರಲ್ಲಿ ಅದನ್ನ ನಿಲ್ಲಿಸಿಬಿಟ್ರು. 1968ರ ಆಗಸ್ಟ್ ಹೊತ್ತಿಗೆ ಮೇನ್ ಲೈನಲ್ಲಿ ಸ್ಟೀಮ್ ಅನ್ನೋದೇ ಇಲ್ಲ. ನಮ್ಮಲ್ಲಿ ಚಿತ್ತರಂಜನ್ ಫ್ಯಾಕ್ಟರಿ 1970ರವರೆಗೂ ಬ್ರಾಡ್‌ಗೇಜ್ ಸ್ಟೀಮ್ ಇಂಜಿನ್ ಕಟ್ತಾನೇ ಇತ್ತು, ಅಂದ್ರೆ ಇಂಗ್ಲೆಂಡಲ್ಲಿ ಪೂರ್ತಿ ಮುಗಿದುಹೋದ ಮೇಲೂ ಇಲ್ಲಿ ಹೊಸಾ ಇಂಜಿನ್ನು ಹುಟ್ಟುತಿತ್ತು. ಬೆಂಗಳೂರು ಮೈಸೂರು ಮೀಟರ್‌ಗೇಜ್ ಗಾಡೀಲಿ ಕಿಟಕಿ ಪಕ್ಕ ಕೂತು ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದು ಉಜ್ಜಿಕೊಂಡೋರು ಈಗಲೂ ನಮ್ಮ ಮಧ್ಯೆ ಬೇಕಾದಷ್ಟು ಜನ ಇದಾರೆ. ದೊಡ್ಡಪ್ಪ ಹೋಗಿದ್ದು ಒಂದು ದೊಡ್ಡ ವ್ಯವಸ್ಥೆ ಕಣ್ಣೆದುರೇ ಕಳಚಿಕೊಳ್ತಿದ್ದ ಹೊತ್ತಿಗೆ, ಅದು ಅವರಿಗೆ ಗೊತ್ತಿತ್ತು ಕೂಡ, ಅದಕ್ಕೇ ಆ ಪಾಟಿ ಫಿಲ್ಮು ಖರ್ಚು ಮಾಡಿದಾರೆ. ಸಂಬಳದಲ್ಲಿ ಮನೆಗೆ ಕಳಿಸಿ ಉಳಿದಿದ್ದೆಲ್ಲಾ ಕೊಡಕ್ ಕಂಪನಿಗೇ ಹೋಗ್ತಿತ್ತು ಅಂತ ದೊಡ್ಡಮ್ಮ ಈಗಲೂ ಹೇಳ್ತಾರೆ.

ಮೊದಲನೇ ಡಬ್ಬದಲ್ಲಿ ಇರೋದು ಲಂಡನ್ನಿನ ಯೂಸ್ಟನ್ ಸ್ಟೇಷನ್ ಮುಂದಿದ್ದ ಕಲ್ಲಿನ ಮಹಾದ್ವಾರ. ಫಿಲಿಪ್ ಹಾರ್ಡ್‌ವಿಕ್ ಅನ್ನೋ ವಾಸ್ತುಶಿಲ್ಪಿ 1837ರಲ್ಲಿ ಕಟ್ಟಿಸಿದ್ದು, ಗ್ರೀಕ್ ಗುಡಿ ಥರ ದಪ್ಪ ದಪ್ಪ ಕಂಬ, ಸುಮಾರು 70 ಅಡಿ ಎತ್ತರ, ರೈಲು ಹತ್ತೋಕೆ ಹೋಗೋ ಜನ ಅದರ ಕೆಳಗೇ ನುಗ್ಗಿ ಹೋಗೋರು. ದೊಡ್ಡಪ್ಪನ ಸ್ಲೈಡಲ್ಲಿ ಅದರ ಸುತ್ತ ಸಾರವೆ ಕಟ್ಟಿದಾರೆ. ಅದರಿಂದಾನೇ ಕಾಲ ಗೊತ್ತಾಗತ್ತೆ, ಹೊಸಾ ಸ್ಟೇಷನ್ ಕಟ್ಟಬೇಕು ಅಂತ ಅದನ್ನ ಕೆಡವಿದ್ದು 1961–62ರ ಚಳಿಗಾಲದಲ್ಲಿ, ಅಂದ್ರೆ ಇವರು ಹೋಗಿ ಇಳಿದ ಹೊಸದರಲ್ಲಿ. ಕವಿ ಜಾನ್ ಬೆಟ್ಜೆಮನ್ ಮತ್ತೆ ಇನ್ನೂ ಎಷ್ಟೋ ಜನ ಬೇಡ ಬೇಡ ಅಂದ್ರು, ಪ್ರಧಾನಿ ಮ್ಯಾಕ್‌ಮಿಲನ್ ಹತ್ತಿರಾನೂ ಮಾತು ಹೋಯ್ತು, ಕೇಳಲಿಲ್ಲ. ಒಡೆದ ಕಲ್ಲುಗಳನ್ನ ಪೂರ್ವ ಲಂಡನ್ನಿನ ಒಂದು ಕಾಲುವೆ ತಳಕ್ಕೆ ತುಂಬಿದ್ರಂತೆ, 1994ರಲ್ಲಿ ಡ್ಯಾನ್ ಕ್ರುಕ್‌ಶ್ಯಾಂಕ್ ಅನ್ನೋ ಇತಿಹಾಸಕಾರರು ಆ ಜಾಗ ಪತ್ತೆ ಹಚ್ಚಿದ್ರು, ಆಮೇಲೆ ಒಂದಷ್ಟು ಕಲ್ಲು ಮೇಲಕ್ಕೂ ಬಂದಿವೆ. ಆ ಸಿಟ್ಟು ಜನರಲ್ಲಿ ಹಾಗೇ ಉಳೀತು, ಪಕ್ಕದ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿಗೆ ಅದೇ ಗತಿ ಬರೋ ಹಾಗಾದಾಗ ಹೋರಾಟ ಮಾಡಿ 1967ರಲ್ಲಿ ಅದನ್ನ ಸಂರಕ್ಷಿತ ಕಟ್ಟಡಗಳ ಮೊದಲ ದರ್ಜೆಗೆ ಸೇರಿಸಿದ್ರು. ನಾವು ಬೆಂಗಳೂರಿನೋರು ಇದನ್ನ ಓದ್ತಾ ಓದ್ತಾ ನಮ್ಮೂರಲ್ಲಿ ಕಳ್ಕೊಂಡ ಕಟ್ಟಡಗಳನ್ನ ಮನಸ್ಸಲ್ಲೇ ಎಣಿಸ್ಕೊಳ್ತೀವಿ, ನಂಗಂತೂ ಹಾಗೇ ಆಯ್ತು.

ಸ್ಲೈಡುಗಳ ಮೇಲೆ ಊರಿನ ಹೆಸರು ಕೆಲವಕ್ಕೆ ಇದೆ, ತಾರೀಕು ಹೆಚ್ಚು ಕಮ್ಮಿ ಯಾವುದಕ್ಕೂ ಇಲ್ಲ. ಆದ್ರೆ ಬ್ರಿಟಿಷ್ ರೈಲಿನ ಫೋಟೊ ಒಂದು ಕೈಗೆ ಸಿಕ್ಕರೆ ಅದರ ವರ್ಷ ಕಂಡುಹಿಡಿಯೋದು ಒಂದು ವಿದ್ಯೆನೇ, ಕಲಿತಷ್ಟೂ ರುಚಿ ಹತ್ತತ್ತೆ. ಉದಾಹರಣೆಗೆ ಕ್ರೂ ಸ್ಟೇಷನ್ನಿನ ಒಂದು ಸ್ಲೈಡು ತಗೊಳ್ಳಿ. ಡಚೆಸ್ ಅಂತ ಪ್ರೀತಿಯಿಂದ ಕರೀತಿದ್ದ ಜಾತಿಯ ದೊಡ್ಡ ಇಂಜಿನ್ನು, ಒಟ್ಟು 38 ಕಟ್ಟಿದ್ರು ಅದರಲ್ಲಿ, ಪ್ಲಾಟ್‌ಫಾರ್ಮ್ ತುದೀಲಿ ನಿಂತಿದೆ. ಮುಂದುಗಡೆ ಎರಡು ಬಫರ್ ಮೇಲೂ ಒಂದೊಂದು ಲ್ಯಾಂಪು, ಅಂದ್ರೆ ಎಕ್ಸ್‌ಪ್ರೆಸ್ ಗಾಡಿ, ಚಿಮಣಿ ಬುಡದಲ್ಲಿ ಒಂದೇ ಲ್ಯಾಂಪು ಇದ್ದಿದ್ರೆ ಸಾಧಾರಣ ಪ್ಯಾಸೆಂಜರ್ ಆಗಿರೋದು. ಟೆಂಡರ್ ಅಂದ್ರೆ ಇಂಜಿನ್ ಹಿಂದೆ ಕಲ್ಲಿದ್ದಲು, ನೀರು ತುಂಬಿರೋ ಬಂಡಿ, ಅದರ ಮೇಲಿರೋ ಸಿಂಹದ ಲಾಂಛನ 1956ರ ನಂತರದ್ದು, ಅದಕ್ಕಿಂತ ಹಳೇದರಲ್ಲಿ ಸಿಂಹ ಒಂದು ಚಕ್ರದ ಮೇಲೆ ಅಡ್ಡಡ್ಡ ನಿಂತಿರತ್ತೆ. ತಲೆ ಮೇಲೆ ಕರೆಂಟ್ ತಂತಿ ಕಾಣ್ತಿದೆ, ಮ್ಯಾಂಚೆಸ್ಟರಿಂದ ಕ್ರೂವರೆಗೆ ಎಲೆಕ್ಟ್ರಿಕ್ ಗಾಡಿ ಶುರುವಾಗಿದ್ದು 1960ರ ಸೆಪ್ಟೆಂಬರಲ್ಲಿ. ಹಾಗಾದ್ರೆ ಅದರ ಈಚೆಗೆ. ಇನ್ನು ಕೊನೇ ಗಡಿ ಯಾವುದು ಅಂದ್ರೆ, 1964ರಲ್ಲಿ ಕ್ರೂವಿಂದ ದಕ್ಷಿಣಕ್ಕೂ 25 ಸಾವಿರ ವೋಲ್ಟಿನ ತಂತಿ ಬಂದಾಗ ಎತ್ತರದ ಇಂಜಿನ್ನುಗಳು ಅದರ ಕೆಳಗೆ ಹೋಗಬಾರದು ಅಂತ ಕ್ಯಾಬಿನ ಪಕ್ಕ ಓರೆಯಾಗಿ ಒಂದು ಹಳದಿ ಪಟ್ಟೆ ಬಳಿದ್ರು. ಈ ಇಂಜಿನ್ನಿಗೆ ಆ ಪಟ್ಟೆ ಇಲ್ಲ. ಪ್ಲಾಟ್‌ಫಾರ್ಮಲ್ಲಿ ಚಡ್ಡಿ ಹಾಕ್ಕೊಂಡ ಹುಡುಗರು, ಬಿಸಿಲು, ಹೆಂಗಸರ ಮೈ ಮೇಲೆ ಕೋಟಿಲ್ಲ, ಬೇಸಗೆ ರಜ. 1962 ಅಥವಾ 63ರ ಬೇಸಗೆ ಅಂತ ನಾನು ಬರೆದಿಟ್ಟೆ, ಆಮೇಲೆ ದೊಡ್ಡಮ್ಮನಿಗೆ ತೋರಿಸ್ದೆ.

“63ನೇ ಇಸವಿ ಕಣೋ, ಆ ಕೋಟು ನೋಡು, ಬೆಂಚಿನ ಮೇಲೆ ಮಡಚಿ ಇಟ್ಟಿದಾರಲ್ಲ, ಅದು ಮದುವೆಗೆ ಊರಿಗೆ ಬಂದಾಗ ನಮ್ಮಪ್ಪ ಹೊಲಿಸಿಕೊಟ್ಟಿದ್ದು” ಅಂದ್ರು.

ನಾನು ಇಂಜಿನ್ನು, ತಂತಿ, ಸಿಂಹ ಎಲ್ಲಾ ನೋಡಿದ್ದೆ, ಅವರು ಬೆಂಚು ನೋಡಿದ್ರು. ಈ ಫೋಟೊಗಳ ಬಗ್ಗೆ ನಂಗೆ ಹೇಳಬೇಕಾದ ಮಾತು ಅದೇ ನೋಡಿ, ಇವುಗಳ ನಿಜವಾದ ಬೆಲೆ ಇಂಜಿನ್ನಿನ ಆಚೆ ಈಚೆ ಇರೋದ್ರಲ್ಲಿದೆ.

ಆ ಕಾಲದ ಬ್ರಿಟಿಷ್ ರೈಲು ಫೋಟೊಗ್ರಫೀಲಿ ಒಂದು ಕಟ್ಟುಪಾಡಿತ್ತು. ಸೂರ್ಯ ಬೆನ್ನ ಹಿಂದೆ ಇರಬೇಕು, ಇಂಜಿನ್ನು ಓರೆಯಾಗಿ ಮುಂದಿಂದ ಕಾಣಬೇಕು, ಅದರ ನಂಬರು ಓದೋ ಹಾಗಿರಬೇಕು, ಚಕ್ರಗಳನ್ನ ಜೋಡಿಸೋ ರಾಡು ಕೆಳಗೆ ಬಂದಿರಬೇಕು, ಹಿನ್ನೆಲೇಲಿ ಕಂಬ ತಲೆ ಹಾಕಬಾರದು, ಜನ ಅಡ್ಡ ಬರಲೇಬಾರದು. ಅದರಲ್ಲಿ ಎಂಥಾ ಮಹಾನುಭಾವರು ಇದ್ರು ಅಂದ್ರೆ ಎರಿಕ್ ಟ್ರೀಸಿ ಅಂತ ವೇಕ್‌ಫೀಲ್ಡಿನ ಬಿಷಪ್ಪೇ ಒಬ್ಬರು, ಚರ್ಚಿನ ಕೆಲಸದ ಜೊತೆಗೇ ಸಾವಿರಾರು ರೈಲು ಫೋಟೊ ತೆಗೆದ್ರು, 1978ರಲ್ಲಿ ಸೆಟಲ್–ಕಾರ್ಲೈಲ್ ಲೈನಿನ ಆಪಲ್‌ಬಿ ಸ್ಟೇಷನ್ನಲ್ಲಿ ಸ್ಟೀಮ್ ಗಾಡಿಗೆ ಕಾಯ್ತಾ ಇರೋವಾಗಲೇ ತೀರಿಕೊಂಡ್ರು. ಐವೋ ಪೀಟರ್ಸ್ ಅನ್ನೋರು ಸಾಮರ್‌ಸೆಟ್ ಮತ್ತು ಡಾರ್ಸೆಟ್ ಲೈನ್ ಒಂದನ್ನೇ ಹಿಡಿದು ಅದು 1966ರ ಮಾರ್ಚಲ್ಲಿ ಮುಚ್ಚೋವರೆಗೂ ಬೆನ್ನು ಬಿಡದೆ ತೆಗೆದ್ರು, ಆ ಲೈನ್ ಈಗಲೂ ಜನರ ಮನಸ್ಸಲ್ಲಿ ಇರೋದಕ್ಕೆ ಅವರ ಪಾಲು ದೊಡ್ಡದು. ಇವರೆಲ್ಲರ ಬಗ್ಗೆ ನಂಗೆ ಬಹಳ ಗೌರವ. ಆದ್ರೆ 1960ರ ದಶಕದಲ್ಲಿ ಕಾಲಿನ್ ಗಿಫರ್ಡ್ ಥರದ ಕೆಲವರು ಆ ಕಟ್ಟುಪಾಡು ಬಿಟ್ಟು ಮಳೆ, ಮಂಜು, ಹೊಗೆ, ಸಾಲು ಮನೆಗಳು, ಕೆಲಸದವರು, ಕಾಯ್ತಾ ಕೂತ ಪ್ಯಾಸೆಂಜರುಗಳು ಎಲ್ಲಾ ಸೇರಿಸಿ ತೆಗೆಯೋಕೆ ಶುರು ಮಾಡಿದ್ರು. ಆ ಫೋಟೊಗಳಲ್ಲಿ ಇಂಜಿನ್ನು ಎಷ್ಟೋ ಸಲ ಮೂಲೇಲಿ ಎಲ್ಲೋ ಇರತ್ತೆ, ಆದ್ರೆ ಅಲ್ಲಿ ನಿಂತಿದ್ರೆ ಹೇಗಿರ್ತಿತ್ತು ಅನ್ನೋದು ಪೂರ್ತಿ ಗೊತ್ತಾಗತ್ತೆ.

ನಮ್ಮ ದೊಡ್ಡಪ್ಪ ಇವರ್‍ಯಾರನ್ನೂ ನೋಡಿ ಕಲಿತವರಲ್ಲ. ಅವರಿಗೆ ಆ ದೇಶದ ಎಲ್ಲವೂ ಹೊಸದಾಗಿತ್ತು, ಅದಕ್ಕೇ ಎಲ್ಲದನ್ನೂ ತೆಗೆದ್ರು. ಅಲ್ಲಿನೋರಿಗೆ ದಿನಾ ಕಾಣೋ ಪೋರ್ಟರು, ಟೀ ಟ್ರಾಲಿ ತಳ್ಳೋ ಹೆಂಗಸು, ಹಾಲಿನ ಕ್ಯಾನು, ಪಾರ್ಸಲ್ ತಳ್ಳುಗಾಡಿ, ವೇಟಿಂಗ್ ರೂಮಿನ ಅಗ್ಗಿಷ್ಟಿಕೆ ಮುಂದೆ ಶೂ ಒಣಗಿಸ್ತಿರೋ ಮುದುಕ, ಇವನ್ನೆಲ್ಲ ಒಬ್ಬ ಇಂಗ್ಲಿಷಿನವನು ಫಿಲ್ಮ್ ಖರ್ಚು ಮಾಡಿ ಯಾಕೆ ತೆಗೀತಾನೆ. ಇವರು ತೆಗೆದ್ರು.

ನಂಗೆ ತುಂಬಾ ಇಷ್ಟವಾದ ಒಂದರ ಬಗ್ಗೆ ಹೇಳಲೇಬೇಕು. ಒಂದು ಸಣ್ಣ ಸ್ಟೇಷನ್ನು, ಪ್ಲಾಟ್‌ಫಾರ್ಮ್ ಮೇಲೆ ಬೆತ್ತದ ಬುಟ್ಟಿಗಳ ಸಾಲು, ಟೋಪಿ ಹಾಕಿದ ಒಬ್ಬ ಪೋರ್ಟರು ಬಗ್ಗಿ ಒಂದರ ಬಾಗಿಲು ತೆಗೀತಿದಾನೆ, ಮೇಲೆ ಆಕಾಶದ ತುಂಬಾ ಪಾರಿವಾಳ. ನಂಗೆ ಮೊದಲು ಏನು ಎತ್ತ ಅಂತಾನೇ ತಿಳೀಲಿಲ್ಲ. ಅಲ್ಲಿ ಉತ್ತರ ಇಂಗ್ಲೆಂಡಿನ ಗಣಿ ಕೆಲಸದವರು, ಗಿರಣಿ ಕೆಲಸದವರು ರೇಸ್ ಪಾರಿವಾಳ ಸಾಕ್ತಿದ್ರು, ಬುಟ್ಟೀಲಿಟ್ಟು ರೈಲಲ್ಲಿ ದೂರದ ಸ್ಟೇಷನ್ನಿಗೆ ಕಳಿಸೋರು, ಅಲ್ಲಿನ ಪೋರ್ಟರು ಅವನ್ನ ಹಾರಿಬಿಟ್ಟು, ಬಿಟ್ಟ ಟೈಮನ್ನ ಲೇಬಲ್ ಮೇಲೆ ಬರೆದು ಖಾಲಿ ಬುಟ್ಟಿ ವಾಪಸ್ ಗಾಡಿಗೆ ಹಾಕಬೇಕು, ಇದು ರೈಲ್ವೆ ನೌಕರನ ದಿನದ ಕೆಲಸಗಳಲ್ಲಿ ಒಂದು. ರೇಸ್ ಸೀಸನ್ನಲ್ಲಿ ಬರೀ ಪಾರಿವಾಳಕ್ಕೇ ಸ್ಪೆಷಲ್ ಗಾಡಿಗಳು ಓಡ್ತಿದ್ವು. ಪಾರಿವಾಳದ ರೇಸು ನಮ್ಮ ಬೆಂಗಳೂರಿಗೂ ಹೊಸದಲ್ಲ, ಇಲ್ಲೂ ಮನೆ ತಾರಸಿ ಮೇಲೆ ಗೂಡು ಕಟ್ಟಿ ಸಾಕೋರು ಎಷ್ಟೋ ಜನ ಇದಾರೆ, ಅವರಿಗೆ ಈ ಫೋಟೊ ನೋಡಿದ್ರೆ ಖುಷಿಯಾಗತ್ತೆ. ನೋಡಿ, ಆ ದಿನ ಆ ಸ್ಟೇಷನ್ನಲ್ಲಿ ಯಾವ ಇಂಜಿನ್ನು ಬಂದಿತ್ತೋ ಅದರ ನಂಬರು ಯಾರಾದ್ರೂ ಬರ್ಕೊಂಡೇ ಇರ್ತಾರೆ, ಆ ದೇಶದಲ್ಲಿ ನೋಟ್‌ಬುಕ್ ಹಿಡಿದು ಇಂಜಿನ್ ನಂಬರು ಬರ್ಕೊಳ್ಳೋ ಹುಡುಗರು ಊರೂರಲ್ಲೂ ಇದ್ರು. ಆ ಪೋರ್ಟರ್ ಬಗ್ಗಿದ ರೀತಿ ಮಾತ್ರ ಇನ್ನೆಲ್ಲೂ ಸಿಗಲ್ಲ.

ಇನ್ನೊಂದು. ಮ್ಯಾಂಚೆಸ್ಟರ್ ವಿಕ್ಟೋರಿಯಾ ಸ್ಟೇಷನ್ನು, ಅದರ 11ನೇ ಪ್ಲಾಟ್‌ಫಾರ್ಮು ಪಕ್ಕದ ಎಕ್ಸ್‌ಚೇಂಜ್ ಸ್ಟೇಷನ್ನಿಗೆ ನೇರ ಸೇರ್ಕೊಂಡಿತ್ತು, ಆಗ ಯುರೋಪಿನಲ್ಲೇ ಅತಿ ಉದ್ದದ್ದು ಅಂತ ಅದಕ್ಕೆ ಹೆಸರು. (ನಮ್ಮ ಹುಬ್ಬಳ್ಳಿಯ 1507 ಮೀಟರಿನ ಮುಂದೆ ಅದು ಅರ್ಧಾನೂ ಬರಲ್ಲ, ಅದು ಬೇರೆ ವಿಷಯ.) ಆ ಪ್ಲಾಟ್‌ಫಾರ್ಮ್ ಮೇಲೆ ಒಬ್ಬ ಕಪ್ಪು ವರ್ಣದ ಗಾರ್ಡು, ವೆಸ್ಟ್ ಇಂಡೀಸ್ ಕಡೆಯವರು ಇರಬೇಕು, ಕೈಯಲ್ಲಿ ಹಸಿರು ಬಾವುಟ, ಕ್ಯಾಮೆರಾ ನೋಡಿ ನಗ್ತಿದಾರೆ. ಇಡೀ ಸಂಗ್ರಹದಲ್ಲಿ ಕ್ಯಾಮೆರಾ ಕಡೆ ಇಷ್ಟು ಸಲೀಸಾಗಿ ನಕ್ಕವರು ಇವರೊಬ್ಬರೇ. ದೊಡ್ಡಮ್ಮ ಅಂದ್ರು, “ಅವರ ಹತ್ರ ನಿಮ್ಮ ದೊಡ್ಡಪ್ಪ ಎಷ್ಟೊತ್ತು ಮಾತಾಡ್ತಿದ್ರು ಗೊತ್ತಾ, ಕ್ರಿಕೆಟ್ ಅಂದ್ರೆ ಇಬ್ಬರಿಗೂ ಹೊಟ್ಟೆ ಹಸಿವೂ ಮರೆತುಹೋಗೋದು.” ಆಮೇಲೆ ಸ್ವಲ್ಪ ಸುಮ್ಮನಿದ್ದು, ಆಗ ಬಾಡಿಗೆಗೆ ರೂಮ್ ಹುಡುಕೋವಾಗ ಬಾಗಿಲಲ್ಲಿ ಇವರ ಮುಖ ನೋಡಿದ ತಕ್ಷಣ ರೂಮು ಹೋಯ್ತು ಅಂತ ಬಾಗಿಲು ಹಾಕ್ತಿದ್ದ ಮನೆಗಳ ಬಗ್ಗೆ ಹೇಳಿದ್ರು.

ಆಗಿನ ಬ್ರಿಟಿಷ್ ರೈಲ್ವೆ ಹೊರಗಿಂದ ಬಂದ ಸಾವಿರಾರು ಜನರ ದುಡಿಮೆ ಮೇಲೆ ನಿಂತಿತ್ತು, ಆದ್ರೆ ಎಲ್ಲಾ ಬಾಗಿಲೂ ಅವರಿಗೆ ತೆರೆದಿರಲಿಲ್ಲ. 1966ರಲ್ಲಿ ಡೊಮಿನಿಕಾ ದ್ವೀಪದಿಂದ ಬಂದು ಲಂಡನ್ನಿನ ಮೇರಿಲ್‌ಬೋನ್ ಸ್ಟೇಷನ್ನಲ್ಲಿ ಗಾರ್ಡ್ ಆಗಿದ್ದ ಆಸ್ಕ್ವಿತ್ ಝೇವಿಯರ್ ಯೂಸ್ಟನ್ನಿಗೆ ವರ್ಗ ಕೇಳಿದ್ರೆ ಬಣ್ಣದ ಕಾರಣಕ್ಕೆ ಕೊಡಲ್ಲ ಅಂದ್ರು. ಅವರು ಬಿಡಲಿಲ್ಲ, ವಿಷಯ ಪಾರ್ಲಿಮೆಂಟಿನವರೆಗೂ ಹೋಯ್ತು, ಆ ವರ್ಷ ಆಗಸ್ಟ್ 15ಕ್ಕೆ ಅವರು ಯೂಸ್ಟನ್ನಲ್ಲಿ ಮೊದಲ ಕರಿಯ ಗಾರ್ಡಾಗಿ ಡ್ಯೂಟಿಗೆ ಹಾಜರಾದ್ರು. ಆ ಕಾಲದ ರೈಲು ಫೋಟೊಗಳನ್ನ ನಾನು ಬೇಕಾದಷ್ಟು ನೋಡಿದೀನಿ, ಇಂಥವರ ಮುಖ ಅದರಲ್ಲಿ ಕಾಣೋದು ಬಹಳ ಅಪರೂಪ. ಅದಕ್ಕೇ ಆ ಗಾರ್ಡಿನ ಫೋಟೊ ನಾನು ಎಲ್ಲದಕ್ಕಿಂತ ಮೊದಲು ಹಾಕ್ತಿದೀನಿ.

ಸ್ಕ್ಯಾನ್ ಮಾಡೋ ವಿಷಯ ಕೇಳ್ತೀರ ಅಂತ ಗೊತ್ತು. ಹೆಚ್ಚಿನವು ಕೊಡಾಕ್ರೋಮ್ ಅನ್ನೋ ಕೊಡಕ್ ಕಂಪನಿ ಬಣ್ಣದ ಫಿಲ್ಮಿನ ಸ್ಲೈಡುಗಳು, ಅದೇ ನಮ್ಮ ಪುಣ್ಯ. ಕೊಡಾಕ್ರೋಮನ್ನ ಕತ್ತಲಲ್ಲಿ ಇಟ್ಟರೆ ಬಣ್ಣ ದಶಕಗಟ್ಟಲೆ ಹಾಗೇ ಇರತ್ತೆ, ಇಂಜಿನ್ನಿನ ಆ ಗಾಢ ಹಸಿರು, ಬೋಗಿಗಳ ಮರೂನ್ ಕೆಂಪು, ಈಗ ತೊಳೆದ ಹಾಗಿದೆ. ಅದೇ ಡಬ್ಬದಲ್ಲಿದ್ದ ಬೇರೆ ಫಿಲ್ಮಿನ ಸ್ಲೈಡುಗಳು ನೇರಳೆ ಗುಲಾಬಿ ಬಣ್ಣಕ್ಕೆ ತಿರುಗಿವೆ, ಅವನ್ನ ಸರಿ ಮಾಡೋದು ದೊಡ್ಡ ತಲೆನೋವು. ಸ್ಕ್ಯಾನರಿನಲ್ಲಿ ಧೂಳು, ಗೀರು ತಾನೇ ತೆಗೆಯೋ ಇನ್‌ಫ್ರಾರೆಡ್ ಸೌಲಭ್ಯ ಇರತ್ತಲ್ಲ, ಅದು ಕೊಡಾಕ್ರೋಮಿಗೆ ಸರಿಯಾಗಿ ಒಗ್ಗಲ್ಲ, ಕಪ್ಪು ಬಿಳುಪು ನೆಗೆಟಿವ್‌ಗೆ ಒಗ್ಗೋದೇ ಇಲ್ಲ, ಅದನ್ನ ಆಫ್ ಮಾಡಿಟ್ಟು ರಬ್ಬರ್ ಬ್ಲೋಯರಲ್ಲಿ ಗಾಳಿ ಊದಿ ಧೂಳು ಹೊಡೆಯೋದೇ ವಾಸಿ. ನಾನು ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ ಹಾಕಿ, ಕೆಳಗೆ ಬಿಳಿ ಲೈಟ್ ಪ್ಯಾಡ್ ಇಟ್ಟು ಒಂದೊಂದೇ ಫೋಟೊ ತೆಗೀತೀನಿ, ಫ್ಲಾಟ್‌ಬೆಡ್ ಸ್ಕ್ಯಾನರಿಗಿಂತ ಬೇಗ ಆಗತ್ತೆ, ಚೆನ್ನಾಗೂ ಬರತ್ತೆ. ನಮ್ಮೂರಿನ ಮಳೆಗಾಲದ ಥಂಡಿಗೆ ಸ್ಲೈಡಿಗೆ ಫಂಗಸ್ ಹಿಡಿಯತ್ತೆ, ಒದ್ದೆ ಬಟ್ಟೇಲಿ ಮಾತ್ರ ದಯವಿಟ್ಟು ಒರೆಸಬೇಡಿ, ಬಣ್ಣದ ಪದರಾನೇ ಎದ್ದು ಬರತ್ತೆ. ಗಾಳಿ ಹೋಗದ ಡಬ್ಬ, ಒಳಗೆ ಸಿಲಿಕಾ ಜೆಲ್, ಬೀರು ಒಳಗಿನ ಕತ್ತಲು, ಅಷ್ಟು ಸಾಕು. ಕೊಡಾಕ್ರೋಮ್ ತೊಳೆಯೋ ಕೊನೇ ಲ್ಯಾಬ್ ಅಮೆರಿಕದಲ್ಲಿ ಇದ್ದಿದ್ದು 2010ರ ಕೊನೇಲಿ ಅದನ್ನ ನಿಲ್ಲಿಸ್ತು, ತೊಳೆಯದೇ ಉಳಿದ ರೋಲು ಯಾರ ಹತ್ರಾನಾದ್ರೂ ಇದ್ರೆ ಆ ಬಣ್ಣ ಇನ್ನು ಬರಲ್ಲ.

ಮಧ್ಯದ ಡಬ್ಬಗಳಲ್ಲಿ ಮುಚ್ಚಿಹೋದ ಲೈನುಗಳು ಜಾಸ್ತಿ. 1963ರ ಮಾರ್ಚ್ 27ಕ್ಕೆ ರಿಚರ್ಡ್ ಬೀಚಿಂಗ್ ಅನ್ನೋರ ವರದಿ ಬಂತು, ಅವರು ರೈಲ್ವೆ ಬೋರ್ಡ್ ಅಧ್ಯಕ್ಷರು, ಅದಕ್ಕೆ ಮೊದಲು ಕೆಮಿಕಲ್ ಕಂಪನೀಲಿದ್ದವರು. ನಷ್ಟದಲ್ಲಿದೆ, 2,363 ಸ್ಟೇಷನ್ ಮುಚ್ಚಿ ಅಂತ ಅದರಲ್ಲಿತ್ತು. ಎಲ್ಲಾ ಮುಚ್ಚಲಿಲ್ಲ, ಆದ್ರೆ ಬಹಳಷ್ಟು ಮುಚ್ಚಿದ್ರು. ದೊಡ್ಡಪ್ಪನಿಗೆ ಮ್ಯಾಂಚೆಸ್ಟರಿಂದ ಡರ್ಬಿಶೈರ್ ಗುಡ್ಡಗಳ ಕಡೆ ಹೋಗೋ ಲೈನ್ ಅಂದ್ರೆ ಪ್ರಾಣ, ಮಿಲ್ಲರ್ಸ್ ಡೇಲ್ ಅನ್ನೋ ಸ್ಟೇಷನ್ನು ಎರಡು ದೊಡ್ಡ ಕಬ್ಬಿಣದ ಸೇತುವೆ ಪಕ್ಕ, ಕಣಿವೆ ಮೇಲೆ, ಅಲ್ಲಿಂದ ಬೆಟ್ಟ ಹತ್ತೋಕೆ ಹೋಗೋ ಜನ ಕ್ಯಾನ್ವಾಸ್ ಚೀಲ ಬೆನ್ನಿಗೆ ಹಾಕ್ಕೊಂಡು ಇಳಿಯೋರು. 1967ರ ಮಾರ್ಚಲ್ಲಿ ಅದನ್ನ ಮುಚ್ಚಿದ್ರು, ಮುಂದಿನ ವರ್ಷ ಆ ಗುಡ್ಡದ ಲೈನೇ ಹೋಯ್ತು, ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿಗೆ ಆ ದಾರೀಲಿ ನೇರ ಹೋಗ್ತಿದ್ದ ಗಾಡಿಗಳು ಇತಿಹಾಸ ಆದ್ವು, 1969ರಲ್ಲಿ ಮ್ಯಾಂಚೆಸ್ಟರ್ ಸೆಂಟ್ರಲ್ ಸ್ಟೇಷನ್ನೇ ಬಾಗಿಲು ಹಾಕ್ತು. ಈಗ ಆ ಹಳಿ ದಾರಿ ಮಾನ್ಸಲ್ ಟ್ರೇಲ್ ಅಂತ ನಡೆಯೋ, ಸೈಕಲ್ ಹೊಡೆಯೋ ದಾರಿಯಾಗಿದೆ, ಮಿಲ್ಲರ್ಸ್ ಡೇಲಿನ ಪ್ಲಾಟ್‌ಫಾರ್ಮುಗಳು ಇನ್ನೂ ಇವೆ. ಸ್ಲೈಡಲ್ಲಿ ಒಬ್ಬ ಸ್ಟೇಷನ್ ನೌಕರ ಹೂವಿನ ಪಾತಿಗೆ ನೀರು ಹಾಕ್ತಿದಾನೆ, ಹಿಂದಿನ ಗೋಡೇಲಿ ಮುಚ್ಚೋ ನೋಟೀಸು ಅಂಟಿಸಿದೆ, ದೊಡ್ಡದು ಮಾಡಿ ನೋಡಿದ್ರೆ ಅಕ್ಷರ ಓದ್ಬಹುದು.

ಬೆಂಗಳೂರಿನೋರಿಗೆ ಇದೆಲ್ಲಾ ಯಾಕೆ ಅಂತ ಮೊನ್ನೆ ಸ್ನೇಹಿತರೊಬ್ಬರು ಕೇಳಿದ್ರು. ಒಂದು ಸ್ಲೈಡು ತೋರಿಸ್ದೆ, ಮ್ಯಾಂಚೆಸ್ಟರಿನ ಗಾರ್ಟನ್ ಅನ್ನೋ ಕಡೆ ಒಂದು ಫ್ಯಾಕ್ಟರಿ ಗೇಟು, ಬೇಯರ್ ಪೀಕಾಕ್. 1854ರಲ್ಲಿ ಶುರುವಾಗಿ 1966ರಲ್ಲಿ ಮುಚ್ಚಿದ ಇಂಜಿನ್ ಕಂಪನಿ. ನಮ್ಮ ಬಂಗಾಳ ನಾಗಪುರ ರೈಲ್ವೆಗೆ ಎರಡು ಇಂಜಿನ್ನನ್ನ ಬೆನ್ನಿಗೆ ಬೆನ್ನು ಜೋಡಿಸಿದ ಹಾಗಿರೋ ದೈತ್ಯ ಗ್ಯಾರೆಟ್ ಇಂಜಿನ್ನುಗಳನ್ನ ಮಾಡಿಕೊಟ್ಟಿದ್ದು ಅವರೇ, ಒಂದು ದೆಹಲಿ ರೈಲು ಮ್ಯೂಸಿಯಂನಲ್ಲಿದೆ. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ, ಲ್ಯಾಂಕಶೈರಿನ ವಲ್ಕನ್ ಫೌಂಡ್ರಿ, ಇವರ ಹೆಸರಿನ ಹಿತ್ತಾಳೆ ಫಲಕಗಳು ಭಾರತದ ಎಲ್ಲಾ ಮೂಲೇಲೂ ಓಡಾಡಿವೆ. ಅದೇ ವಲ್ಕನ್ ಫೌಂಡ್ರೀಲಿ 1961ರ ಸುಮಾರಿಗೆ 3300 ಅಶ್ವಶಕ್ತಿಯ ಡೆಲ್ಟಿಕ್ ಡೀಸಲ್ ಇಂಜಿನ್ನುಗಳು ತಯಾರಾದ್ವು, ಬರೀ 22, ಲಂಡನ್ ಎಡಿನ್‌ಬರೋ ಲೈನಲ್ಲಿ 55 ದೊಡ್ಡ ಸ್ಟೀಮ್ ಇಂಜಿನ್ನುಗಳ ಕೆಲಸ ಅವು ಮಾಡಿದ್ವು. ಗಾರ್ಟನ್ ಗೇಟಿನ ಫೋಟೋದಲ್ಲಿ ಶಿಫ್ಟ್ ಮುಗಿಸಿ ಸೈಕಲ್ ತಳ್ಕೊಂಡು ಬರೋ ಜನರನ್ನ ನೋಡಿ, ನಮ್ಮ ತಾತಂದಿರು ಕೂತ ರೈಲು ಎಳೆದ ಇಂಜಿನ್ನುಗಳನ್ನ ಮಾಡಿದ ಕೈಗಳು ಅವು.

1968ರ ಆಗಸ್ಟ್ 11, ಭಾನುವಾರ. ಬ್ರಿಟಿಷ್ ರೈಲ್ವೇಸ್‌ನ ಮೇನ್ ಲೈನಿನ ಕೊನೇ ಸ್ಟೀಮ್ ಗಾಡಿ, ಲಿವರ್‌ಪೂಲಿಂದ ಮ್ಯಾಂಚೆಸ್ಟರಿಗೆ, ಅಲ್ಲಿಂದ ಕಾರ್ಲೈಲಿಗೆ, ಮತ್ತೆ ವಾಪಸ್. ಟಿಕೆಟ್ 15 ಗಿನಿ, ಅಂದ್ರೆ 15 ಪೌಂಡು 15 ಶಿಲ್ಲಿಂಗು, ದೊಡ್ಡಪ್ಪನ ಕೈಗೆ ಎಟುಕೋದಲ್ಲ. ಅವರು ಮ್ಯಾಂಚೆಸ್ಟರ್ ವಿಕ್ಟೋರಿಯಾದಲ್ಲಿ ಗುಂಪಿನ ಮಧ್ಯೆ ನಿಂತು ತೆಗೆದಿದಾರೆ. ಅಲ್ಲಿ 45110 ನಂಬರಿನ ಬ್ಲ್ಯಾಕ್ ಫೈವ್ ಇಂಜಿನ್ ಬಿಚ್ಚಿ 70013 ಆಲಿವರ್ ಕ್ರಾಮ್‌ವೆಲ್ ಜೋಡಿಸಿದ್ರು, ಕಾರ್ಲೈಲಿಂದ ಬರೋವಾಗ 44781 ಮತ್ತೆ 44871 ಎರಡೂ ಸೇರಿ ಎಳೆದ್ವು. ಈ ನಂಬರುಗಳೆಲ್ಲ ಎಲ್ಲಾ ಕಡೆ ಸಿಗತ್ತೆ. ದೊಡ್ಡಪ್ಪನ ಸ್ಲೈಡಲ್ಲಿ ಇಂಜಿನ್ ಕಾಣೋದು ಚಿಮಣಿ ಮಾತ್ರ, ಉಳಿದಿದ್ದೆಲ್ಲಾ ತಲೆಗಳು. ಅಪ್ಪನ ಭುಜದ ಮೇಲೆ ಕೂತ ಮಗು, ಟೇಪ್ ರೆಕಾರ್ಡರಿನ ಮೈಕು ಎತ್ತಿ ಹಿಡಿದ ಒಬ್ಬ ಹುಡುಗ, ಲ್ಯಾಂಪ್ ಪೋಸ್ಟ್ ಹತ್ತಿ ನಿಂತ ಇಬ್ಬರು, ಗೋಡೆಗೆ ಒರಗಿ ರೈಲಿನ ಕಡೆ ನೋಡದೇ ನಿಂತ ಯೂನಿಫಾರ್ಮಿನ ಒಬ್ಬ ಹಿರಿಯ ಡ್ರೈವರು. ಅದಕ್ಕೆ ಒಂದು ವಾರದ ಹಿಂದಷ್ಟೇ ಲಾಸ್ಟಾಕ್ ಹಾಲ್, ರೋಸ್ ಗ್ರೋವ್, ಕಾರ್ನ್‌ಫರ್ತ್ ಅನ್ನೋ ಕೊನೇ ಮೂರು ಸ್ಟೀಮ್ ಶೆಡ್ಡುಗಳ ಕೆಲಸ ಮುಗಿದಿತ್ತು. ಆ ಡ್ರೈವರು ಯಾವ ಶೆಡ್ಡಿನವರೋ, ಮರುದಿನದಿಂದ ಏನ್ ಮಾಡಿದ್ರೋ, ಫೋಟೊ ನೋಡಿದಾಗಲೆಲ್ಲ ನಂಗೆ ಅದೇ ಯೋಚನೆ.

ಹಕ್ಕಿನ ವಿಷಯ ಒಂದು ಮಾತು. ಇಲ್ಲಿ ಹಾಕೋದೆಲ್ಲಾ ದೊಡ್ಡಪ್ಪ ತೆಗೆದಿದ್ದು, ದೊಡ್ಡಮ್ಮ ಒಪ್ಪಿದಾರೆ, ಹೆಸರು ಹೇಳಿ ಯಾರು ಬೇಕಾದ್ರೂ ಹಂಚ್ಕೊಳ್ಳಿ. ಬೇರೆಯೋರ ಫೋಟೊ ಹಾಗಲ್ಲ, ಬ್ರಿಟನ್ನಿನಲ್ಲಿ ತೆಗೆದವರು ತೀರಿಕೊಂಡು 70 ವರ್ಷದವರೆಗೂ ಹಕ್ಕು ಅವರ ಮನೆಯವರದ್ದೇ, ಅಂಥವನ್ನ ನನಗೆ ಕಳಿಸಿ ಹಾಕಿ ಅನ್ನಬೇಡಿ.

ನಿಮ್ಮ ಮನೇಲೇ ತೆಗೆದಿದ್ದು ಇದ್ರೆ ಖಂಡಿತ ಕಳಿಸಿ, ಇಂಗ್ಲೆಂಡಿಂದೇ ಆಗಬೇಕು ಅಂತಿಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಓಡ್ತಿದ್ದ ನ್ಯಾರೋಗೇಜ್ ಗಾಡಿ, ನಂದಿ ಹಾಲ್ಟ್ ಸ್ಟೇಷನ್ನಲ್ಲಿ ಇಳಿದು ಬೆಟ್ಟಕ್ಕೆ ಹೋದ ಪಿಕ್ನಿಕ್ಕು, ಮೈಸೂರು ಮೀಟರ್‌ಗೇಜ್ ಗಾಡಿ ಮುಂದೆ ನಿಂತ ಮದುವೆ ದಿಬ್ಬಣ, ಅದರಲ್ಲಿ ಇಂಜಿನ್ನು ಅರ್ಧ ಕಟ್ ಆಗಿದ್ರೂ ಪರವಾಗಿಲ್ಲ. ಹಿಂದೆ ಪೆನ್ಸಿಲಲ್ಲಿ ಏನಾದ್ರೂ ಬರೆದಿದ್ರೆ ಅದರದ್ದೂ ಒಂದು ಫೋಟೊ ತೆಗೆದು ಕಳಿಸಿ, ಮನೇಲಿ ಹಿರಿಯರಿದ್ರೆ ಅವರನ್ನ ಪಕ್ಕ ಕೂರಿಸ್ಕೊಂಡು ಕೇಳಿ ಬರೆದು ಕಳಿಸಿ.

ಮುಂದಿನ ಕಂತಲ್ಲಿ ವೇಲ್ಸಿನ ಡಬ್ಬ. ಟಾಲಿಲಿನ್ ಅನ್ನೋ ಪುಟಾಣಿ ಲೈನು, 1951ರಲ್ಲಿ ರೈಲು ಪ್ರೇಮಿಗಳು ಸೇರಿ ಸಂಬಳ ಇಲ್ಲದೇ ಓಡಿಸೋಕೆ ಶುರು ಮಾಡಿದ್ರು, ಪ್ರಪಂಚದಲ್ಲಿ ಹಾಗೆ ಉಳಿಸ್ಕೊಂಡ ಮೊದಲನೇ ರೈಲು ಅದು. ಅಲ್ಲಿಗೆ ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಹೋಗಿದ್ರು, ಮಳೇಲಿ ದೊಡ್ಡಮ್ಮ ಸೀರೆ ಮೇಲೆ ರೇನ್‌ಕೋಟ್ ಹಾಕ್ಕೊಂಡು ಬೋಗಿ ಬಾಗಿಲಲ್ಲಿ ನಿಂತಿರೋ ಸ್ಲೈಡಿದೆ, ಹಾಕ್ತೀನಿ, ಅವರ ಒಪ್ಪಿಗೆ ಸಿಕ್ಕಿದೆ.